ಕೈ ಕಚ್ಚಿಕೊಂಡಾಗಲೆಲ್ಲ ಮೊಬೈಲ್ ಕೊಡಬೇಕೇ?

ಪ್ರಶ್ನೆ: ಮಗನಿಗೆ ಆರು ವರ್ಷ, ಆಟಿಸಂ ಇದೆ. ನಾಲ್ಕೈದು ಪದ ಬಿಟ್ಟರೆ ಮಾತಿಲ್ಲ. ಮೊಬೈಲ್ ತೆಗೆದಿಟ್ಟರೆ ಕಿರುಚಿ ಕೈ ಕಚ್ಚಿಕೊಳ್ಳುತ್ತಾನೆ. ನೋಡಲಾರದೆ ಅತ್ತೆ ಕೊಟ್ಟುಬಿಡುತ್ತಾರೆ. ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಕಿವಿ ಮುಚ್ಚಿಕೊಂಡು ಗೇಟಿನ ಕಡೆ ಓಡುತ್ತಾನಂತೆ. ಥೆರಪಿಗೆ ಪದೇ ಪದೇ ಶಿವಮೊಗ್ಗಕ್ಕೆ ಹೋಗುವುದು ಕಷ್ಟ. ಮನೆಯಲ್ಲೇ ಏನು ಮಾಡಬಹುದು?
– ಒಬ್ಬ ತಾಯಿ, ಹೊಸನಗರ ತಾಲೂಕು

ಉತ್ತರ: ಇದನ್ನು ಹಠ ಅನ್ನಬೇಡಿ ತಾಯಿ. ಕೈ ಕಚ್ಚಿಕೊಂಡರೆ ಬೇಕಾದ್ದು ಸಿಗುತ್ತದೆ ಎಂಬುದು ಮಾತಿಲ್ಲದ ಮಗು ಕಂಡುಕೊಂಡ ದಾರಿ. ಅದಕ್ಕಿಂತ ಸುಲಭದ ದಾರಿ ಕಲಿಸಿದರೆ ಇದನ್ನು ಬಿಡುತ್ತಾನೆ. ಕಚ್ಚುವುದು ಇದ್ದಕ್ಕಿದ್ದಂತೆ ಹೆಚ್ಚಾಗಿದ್ದರೆ ಮಾತ್ರ ಮೊದಲು ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದೆಯೇ ಎಂದು ವೈದ್ಯರಿಗೆ ತೋರಿಸಿ.

ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೀಗೆ: ‘ಬೆಳಿಗ್ಗೆ 8.10. ಮೊಬೈಲ್ ತೆಗೆದು ದೋಸೆ ಇಟ್ಟೆವು. ಕಿರುಚಿದ, ಎಡಗೈ ಕಚ್ಚಿಕೊಂಡ. 2 ನಿಮಿಷಕ್ಕೆ ಅಜ್ಜಿ ಮೊಬೈಲ್ ಕೊಟ್ಟರು.’ ಹಿಂದೆ ಏನಾಯಿತು, ಆಮೇಲೆ ಏನು ಸಿಕ್ಕಿತು, ಈ ಎರಡರಲ್ಲೇ ಕಾರಣ ಇರುತ್ತದೆ.

ಈಗ ಕೇಳುವುದನ್ನು ಕಲಿಸೋಣ. ಮೊಬೈಲಿನಿಂದ ಶುರು ಮಾಡಬೇಡಿ, ವಾಪಸ್ ತೆಗೆದುಕೊಳ್ಳುವಾಗ ಮತ್ತೆ ರಂಪ. ಅವನಿಗೆ ಹಲಸಿನ ಹಪ್ಪಳ ಇಷ್ಟ ಎನ್ನಿ. ಒಂದನ್ನು ಹತ್ತು ಚೂರು ಮಾಡಿದರೆ ಹತ್ತು ಸಲ ಕೇಳಿಸಬಹುದು. ಹಪ್ಪಳದ ಫೋಟೋ ಅಂಟಿಸಿದ ಅಂಗೈ ಅಗಲದ ರಟ್ಟು ಸಾಕು. ನೀವು ಎದುರಿಗೆ ಚೂರು ಹಿಡಿದು ಕೂರಿ. ಮನೆಯ ಇನ್ನೊಬ್ಬರು ಅವನ ಹಿಂದೆ ಕೂತು, ಅವನು ಕೈ ಚಾಚಿದಾಗ ಆ ಕೈಯಿಂದಲೇ ಕಾರ್ಡ್ ಎತ್ತಿಸಿ ನಿಮಗೆ ಕೊಡಿಸಲಿ. ‘ಹಪ್ಪಳ’ ಎನ್ನುತ್ತಾ ಆ ಕ್ಷಣವೇ ಕೊಡಿ. ‘ಏನು ಬೇಕು?’ ಎಂದು ಕೇಳಬೇಡಿ, ಕೇಳಿದರೆ ಮಾತ್ರ ಕಾರ್ಡ್ ಕೊಡುವ ಅಭ್ಯಾಸವಾಗುತ್ತದೆ. ಹಿಂದಿನವರ ಸಹಾಯ ದಿನದಿನಕ್ಕೆ ಕಡಿಮೆಯಾಗಬೇಕು: ಮೊದಲು ಮುಂಗೈ, ಆಮೇಲೆ ಮೊಣಕೈ, ಕೊನೆಗೆ ಏನೂ ಇಲ್ಲ. ಇದೆಲ್ಲ ಅವನು ಸಮಾಧಾನವಾಗಿರುವಾಗ. ಅಳುವಾಗ ಪಾಠ ತಲೆಗೆ ಹೋಗದು.

ಕಾರ್ಡ್ ರೂಢಿಯಾದ ಮೇಲೆ ಮೊಬೈಲಿಗೆ ಬನ್ನಿ. ‘ಮೊದಲು ಸ್ನಾನ, ಆಮೇಲೆ ಮೊಬೈಲ್’ ಎಂದು ಎರಡು ಚಿತ್ರ ಅಕ್ಕಪಕ್ಕ ಇಡಿ, ಟೈಮರ್ ಹಾಕಿ, ಮುಗಿಯುವ 2 ನಿಮಿಷ ಮುಂಚೆ ತಿಳಿಸಿ. ಕಚ್ಚಿಕೊಂಡಾಗ ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಕಿರುಚಾಟ ಹೆಚ್ಚಬಹುದು. ಹೆಚ್ಚಿನವರು ಸೋಲುವುದು ಇಲ್ಲೇ. ಮೂರನೇ ದಿನ ಅಜ್ಜಿ ಕರಗಿ ಕೊಟ್ಟರೆ ‘ಇಷ್ಟು ಜೋರಾಗಿ ಅತ್ತರೆ ಸಿಗುತ್ತದೆ’ ಎಂದು ಕಲಿಸಿದ ಹಾಗೆ. ಹಾಗಾಗಿ ಅತ್ತೆಯವರನ್ನು ಮೊದಲೇ ಕೂರಿಸಿ ಹೇಳಿ. ಕೈಗೆ ಗಾಯವಾಗುವ ಮಟ್ಟಿಗೆ ಕಚ್ಚಿಕೊಳ್ಳುವವನಾದರೆ ಇದನ್ನು ಥೆರಪಿಸ್ಟ್ ಜೊತೆಗಿಲ್ಲದೆ ಮಾಡಬೇಡಿ. ಹೊಡೆಯುವುದು, ಖಾರ ಹಚ್ಚುವುದು ಯಾವತ್ತೂ ಕೂಡದು.

ಶಾಲೆಯ ಕಾರಣವೇ ಬೇರೆ. ನೂರು ಸ್ಟೀಲ್ ತಟ್ಟೆಗಳ ಸದ್ದು ಅವನಿಗೆ ತಡೆಯಲಾಗುತ್ತಿಲ್ಲ. ಮಳೆಗಾಲದಲ್ಲಿ ತಗಡಿನ ಶೀಟಿನ ಮೇಲೆ ಮಳೆ ಬಡಿದಾಗಲೂ ಓಡುತ್ತಾನೆಯೇ ಎಂದು ಟೀಚರನ್ನು ಕೇಳಿ. ಎಳೆದು ತಂದು ಕೂರಿಸಿದರೆ ನಾಳೆ ಗಂಟೆ ಹೊಡೆದಾಗಲೇ ಓಡುತ್ತಾನೆ. ಉಳಿದವರಿಗಿಂತ ಐದು ನಿಮಿಷ ಮೊದಲು, ಜಗಲಿಯ ತುದಿಯಲ್ಲಿ ಬಡಿಸಲಿ. ‘ಹೊರಗೆ’ ಎಂಬ ಕಾರ್ಡ್ ಕುತ್ತಿಗೆಯಲ್ಲಿರಲಿ, ತೋರಿಸಿದ ಕೂಡಲೇ ಯಾರಾದರೂ ಕರೆದುಕೊಂಡು ಹೋಗಲಿ. ಕೈ ಆಡಿಸುವುದು, ಜಿಗಿಯುವುದು ಯಾರಿಗೂ ತೊಂದರೆಯಲ್ಲ, ತಡೆಯಬೇಡಿ. ತಾಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಇಂಥ ಮಕ್ಕಳಿಗೆಂದೇ ಬಿಐಇಆರ್‌ಟಿ ಎಂಬ ವಿಶೇಷ ಶಿಕ್ಷಕರಿರುತ್ತಾರೆ, ಶಾಲೆಗೆ ಕರೆಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಶಾಲೆಯಲ್ಲಿ ಇಂಥ ಅನುಕೂಲ ಅವನ ಹಕ್ಕು, ನೀವು ಕೇಳುವ ಉಪಕಾರವಲ್ಲ.

ಪ್ರಶ್ನೆ: ಆರು ತಿಂಗಳಲ್ಲಿ ಆಟಿಸಂ ಪೂರ್ತಿ ಗುಣವಾಗುತ್ತದೆ ಎಂದು ಒಂದು ಕಡೆ ಹೇಳಿದರು. ಸೇರಿಸಬಹುದೇ?
– ಒಬ್ಬ ತಂದೆ, ಸಾಗರ

ಉತ್ತರ: ಬೇಡ. ಆಟಿಸಂ ಗುಣಪಡಿಸುವ ಔಷಧಿಯಾಗಲಿ ಥೆರಪಿಯಾಗಲಿ ಇಲ್ಲ. ಮಾತು, ಊಟ, ಶೌಚದ ಅಭ್ಯಾಸಗಳನ್ನು ಕಲಿಸಬಹುದು, ಚೆನ್ನಾಗಿಯೇ ಕಲಿಯುತ್ತಾರೆ. ಎಲ್ಲಿಗೇ ಹೋದರೂ ಈ ತಿಂಗಳ ಗುರಿ ಏನು, ಮಗು ಎಷ್ಟು ಕಲಿಯಿತು ಎಂಬ ಲೆಕ್ಕ ಬರೆದಿಟ್ಟಿದ್ದಾರೆಯೇ ಎಂದು ಕೇಳಿ. ತಂದೆತಾಯಿಯನ್ನು ಒಳಗೆ ಕೂರಲು ಬಿಡದ ಕಡೆ ಮಗುವನ್ನು ಬಿಟ್ಟು ಬರಬೇಡಿ.