ಇಬ್ಬರ ಪ್ರವಾಸದ ಫೋಟೋಗಳ ಕ್ರಮ ತಪ್ಪಿದ್ದರೆ

ಪ್ರವಾಸದಲ್ಲಿ ನೀವು ಕ್ಯಾಮೆರಾದಲ್ಲಿ, ಹೆಂಡತಿ ಫೋನಿನಲ್ಲಿ ತೆಗೆದ ಫೋಟೋಗಳನ್ನು ಸೇರಿಸಿದಾಗ ಕ್ರಮ ತಪ್ಪಿದ್ದರೆ, ನಿಮ್ಮ ಕ್ಯಾಮೆರಾದ ಗಡಿಯಾರ ತಪ್ಪಿರಬೇಕು. ದೇಶ ಬದಲಾದರೆ ಫೋನ್ ತಾನೇ ಸಮಯ ಸರಿಮಾಡಿಕೊಳ್ಳುತ್ತದೆ, ಕ್ಯಾಮೆರಾ ಹೆಚ್ಚಾಗಿ ಮಾಡುವುದಿಲ್ಲ. ಅದಕ್ಕೇ ಎರಡನ್ನೂ ಸೇರಿಸಿದಾಗ ಹೆಂಡತಿ ತೆಗೆದ ಸೂರ್ಯಾಸ್ತ ಒಂದು ಕಡೆ, ನಿಮ್ಮದು ಇನ್ನೊಂದು ಕಡೆ.

ಮೊದಲು ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿಡಿ. ಇಬ್ಬರೂ ಒಂದೇ ಗಳಿಗೆಯಲ್ಲಿ ತೆಗೆದ ಫೋಟೋ ಹುಡುಕಿ. ನೀವು ಅವರದ್ದು, ಅವರು ನಿಮ್ಮದು ತೆಗೆಯುತ್ತಿರುವ ಜೋಡಿ ಇದ್ದೇ ಇರುತ್ತೆ ಅಲ್ವಾ? ಎರಡರ ಸಮಯದ ವ್ಯತ್ಯಾಸ ಬರೆದುಕೊಳ್ಳಿ. ಡಿಜಿಕ್ಯಾಮ್ ಅನ್ನುವ ಉಚಿತ ತಂತ್ರಾಂಶದಲ್ಲಿ ಕ್ಯಾಮೆರಾದ ಫೋಟೋಗಳನ್ನಷ್ಟೇ ಆರಿಸಿ, ಅಷ್ಟು ಸಮಯ ಕೂಡಿಸಿ ಅಥವಾ ಕಳೆಯಿರಿ. ನಾಲ್ಕೈದರಲ್ಲಿ ಮಾಡಿ ನೋಡಿ, ಆಮೇಲೆ ಉಳಿದವು.

ಅವರ ಫೋಟೋಗಳು ವಾಟ್ಸಾಪ್‌ನಲ್ಲಿ ಬಂದಿದ್ದರೆ ಇದು ಆಗಲಿಕ್ಕಿಲ್ಲ, ತೆಗೆದ ಸಮಯವೇ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಕೇಬಲ್ ಹಾಕಿ ಫೋನಿನಿಂದಲೇ ಮೂಲ ಫೋಟೋ ತೆಗೆದುಕೊಳ್ಳಿ.