ಕಣ್ಣು ಮುಚ್ಚಿ ಕೂತರೆ ಅತ್ತೆಯ ಮಂಡಿ ಬಾಗುತ್ತದೆಯೇ?

ಪ್ರಶ್ನೆ: ನನ್ನ ಅತ್ತೆಗೆ 71 ವರ್ಷ. ಬಲ ಮಂಡಿಯ ಕೀಲು ಬದಲಾಯಿಸಿ 18 ದಿನವಾಯಿತು. ದಿನ ಬಿಟ್ಟು ದಿನ ಫಿಸಿಯೋಥೆರಪಿಯವರು ಮನೆಗೆ ಬರುತ್ತಾರೆ. ಗೇಟಿನ ಸದ್ದಾದ ಕೂಡಲೇ ಅತ್ತೆ ಮಂಚದ ಅಂಚು ಬಿಗಿಯಾಗಿ ಹಿಡಿದುಕೊಂಡುಬಿಡುತ್ತಾರೆ. ಮಂಡಿ 65 ಡಿಗ್ರಿಗಿಂತ ಹೆಚ್ಚು ಬಾಗುತ್ತಿಲ್ಲ. ಬೆಂಗಳೂರಿನಲ್ಲಿರುವ ನಾದಿನಿ ಮೊಬೈಲಿಗೆ ಒಂದು ಆಡಿಯೊ ಕಳಿಸಿದ್ದಾಳೆ. ಕಣ್ಣು ಮುಚ್ಚಿ, ಸಮುದ್ರದ ದಂಡೆಯಲ್ಲಿ ಮಲಗಿದ್ದೇನೆ ಅಂದುಕೊಂಡರೆ ನೋವು ಇಳಿಯುತ್ತದಂತೆ. ಅತ್ತೆ ಎರಡು ನಿಮಿಷ ಕೇಳಿ, ‘ನಂಗೆ ಆ ಮರಳೂ ಬ್ಯಾಡ, ಸಮುದ್ರವೂ ಬ್ಯಾಡ’ ಅಂತ ತೆಗೆದಿಟ್ಟರು. ಅವರ ಬಾಯಲ್ಲಿ ಯಾವಾಗಲೂ ತವರಿನ ತೋಟದ ಮಾತೇ. ಇದರಿಂದ ನಿಜಕ್ಕೂ ಉಪಯೋಗ ಇದೆಯೇ? ಇದ್ದರೆ ನೋವಿನ ಮಾತ್ರೆ ನಿಲ್ಲಿಸಬಹುದೇ?
– ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ಮೊದಲು ಮಾತ್ರೆಯ ವಿಷಯ. ದಯವಿಟ್ಟು ನಿಲ್ಲಿಸಬೇಡಿ. ಮಾತ್ರೆ ಕಡಿಮೆ ಮಾಡುವುದೋ ಬಿಡುವುದೋ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಹೇಳಬೇಕು. ಕಲ್ಪನೆಯ ಅಭ್ಯಾಸ ಮಾತ್ರೆಯ ಜೊತೆಗೆ ನಡೆಯಬೇಕಾದದ್ದು, ಅದರ ಬದಲಿಗೆ ಅಲ್ಲ.

ಉಪಯೋಗ ಇದೆಯೇ ಎಂದು ಕೇಳಿದಿರಿ. ಇದೆ. ಮೂವತ್ತು ವರ್ಷ ಫಿಸಿಯೋಥೆರಪಿ ಮಾಡಿಸಿದ ಕೈ ನನ್ನದು, ಕಣ್ಣಾರೆ ಕಂಡಿದ್ದೇನೆ. ನಿಮ್ಮತ್ತೆ ಮಂಚದ ಅಂಚು ಹಿಡಿಯುತ್ತಾರಲ್ಲ, ಕಷ್ಟ ಶುರುವಾಗುವುದೇ ಅಲ್ಲಿ. ಆಪರೇಷನ್ ಆದ ಮಂಡಿಯಲ್ಲಿ ಬಾವು ಇರುವಾಗ ತೊಡೆಯ ಮುಂದಿನ ಸ್ನಾಯು ಅರ್ಧಂಬರ್ಧ ಮಲಗಿಬಿಟ್ಟಿರುತ್ತದೆ. ಅದರ ಮೇಲೆ ಹೆದರಿಕೆ ಬೇರೆ. ಹೆದರಿದ ಮೈ ಮಂಡಿಯ ಸುತ್ತ ಎಲ್ಲವನ್ನೂ ಬಿಗಿಹಿಡಿಯುತ್ತದೆ, ಬಿಗಿದ ಕಾಲನ್ನು ಬಾಗಿಸಿದರೆ ನೋವು ಇಮ್ಮಡಿ, ಆ ನೋವಿನ ನೆನಪಿಗೆ ನಾಳೆ ಇನ್ನಷ್ಟು ಹೆದರಿಕೆ. ಕಣ್ಣು ಮುಚ್ಚಿ, ಉಸಿರು ನಿಧಾನ ಬಿಡುತ್ತಾ, ಮನಸ್ಸನ್ನು ಒಂದು ಪರಿಚಿತ ಜಾಗಕ್ಕೆ ಕರೆದೊಯ್ದರೆ ಈ ಬಿಗಿ ಸಡಿಲವಾಗುತ್ತದೆ. ಯೋಗನಿದ್ರೆ ಮಾಡಿದವರಿಗೆ ಇದು ಹೊಸದೆನಿಸುವುದಿಲ್ಲ.

ಬರೀ ಸಮಾಧಾನದ ಮಾತೂ ಅಲ್ಲ ಇದು. ಸ್ನಾಯು ಸಡಿಲಿಸುವ ಅಭ್ಯಾಸವನ್ನು ರೂಪಿಸಿದ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್, ತೋಳು ಮಡಿಸುತ್ತಿದ್ದೇನೆ ಎಂದು ಸುಮ್ಮನೆ ಅಂದುಕೊಂಡರೂ ಆ ತೋಳಿನ ಸ್ನಾಯುವಿನಲ್ಲಿ ಸಣ್ಣ ವಿದ್ಯುತ್ ಸಂಚಾರ ಆಗುವುದನ್ನು ಯಂತ್ರದಲ್ಲಿ ಅಳೆದು ತೋರಿಸಿದ್ದರು. ಅದಾಗಿ ಹತ್ತಿರ ಹತ್ತಿರ ನೂರು ವರ್ಷ. 2016ರಲ್ಲಿ ಅಮೆರಿಕದಲ್ಲೇ ಮಂಡಿ ಬದಲಾಯಿಸಿಕೊಂಡ 82 ಮಂದಿಯ ಅಧ್ಯಯನವೊಂದು ಬಂತು. ಆಪರೇಷನ್ನಿಗೆ ಮೊದಲೂ ಆಮೇಲೂ ಕೆಲವು ವಾರ ಇಂಥ ಧ್ವನಿಮುದ್ರಣ ಕೇಳಿದವರ ನಡಿಗೆಯ ವೇಗ ಆರು ತಿಂಗಳ ಹೊತ್ತಿಗೆ ಚೆನ್ನಾಗಿತ್ತು. ಸಣ್ಣ ಅಧ್ಯಯನ, ಅದರಿಂದ ಪವಾಡ ನಿರೀಕ್ಷಿಸಬೇಡಿ. ವ್ಯಾಯಾಮ ತಪ್ಪಿಸಿ ಬರೀ ಕಣ್ಣು ಮುಚ್ಚಿ ಕೂತರೆ ಮಂಡಿ ಬಾಗುವುದಿಲ್ಲ.

ಇನ್ನು ಸಮುದ್ರದ ಮಾತು. ಅತ್ತೆ ತೆಗೆದಿಟ್ಟದ್ದು ಸರಿಯಾಗಿಯೇ ಇದೆ. ದಾವಣಗೆರೆಯಲ್ಲಿ ಕೆಲಸ ಮಾಡುವಾಗ ಸೊಂಟದ ಮೂಳೆ ಮುರಿದ ಅಜ್ಜಿಯೊಬ್ಬರು ಬಂದಿದ್ದರು. ನಾನು ಬಹಳ ಉಮೇದಿನಿಂದ, ‘ಕಣ್ಣು ಮುಚ್ಚಿಕೊಳ್ಳಿ ಅಜ್ಜಿ, ನಿಮ್ಮೂರ ಕೆರೆ ಏರಿ ಮೇಲೆ ನಿಂತಿದ್ದೀರಿ, ತಂಗಾಳಿ ಬೀಸ್ತಿದೆ’ ಅಂದೆ. ಅಜ್ಜಿಯ ಗದ್ದ ನಡುಗತೊಡಗಿತು. ಕಣ್ಣು ಮುಚ್ಚಿಯೇ ಇತ್ತು, ನೀರು ಕಿವಿಯವರೆಗೆ ಹರಿದು ತಲೆದಿಂಬು ತೊಯ್ದಿತು. ಅವರ ತಮ್ಮ ಹತ್ತು ವರ್ಷದವನಿದ್ದಾಗ ಅದೇ ಕೆರೆಯಲ್ಲಿ ಹೋಗಿದ್ದನಂತೆ. ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಆವತ್ತಿನಿಂದ ನಾನಾಗಿ ಯಾರಿಗೂ ಜಾಗ ಕೊಟ್ಟಿಲ್ಲ. ಕೇಳುತ್ತೇನೆ. ‘ಎಲ್ಲಿದ್ದರೆ ನಿಮಗೆ ಹಾಯೆನಿಸುತ್ತಿತ್ತು?’ ಮೂರು ದಿನ ನಂತರ ಅದೇ ಅಜ್ಜಿ ತಾವಾಗಿಯೇ ಹೇಳಿದರು: ಬೆಳಗಿನ ಜಾವ ರೊಟ್ಟಿ ಬಡಿಯುವ ಒಲೆಯ ಮುಂದೆ. ಬೆಂಕಿಯ ಕಾವು ಕೆನ್ನೆಗೆ ತಾಗುವುದು, ಹಂಚಿನ ಮೇಲೆ ರೊಟ್ಟಿ ಉಬ್ಬುವುದು. ಅದನ್ನು ಹೇಳುವಾಗಲೇ ಅವರ ಭುಜ ಇಳಿದಿದ್ದವು.

ನಿಮ್ಮತ್ತೆಯ ಜಾಗ ನಿಮ್ಮ ಪತ್ರದಲ್ಲೇ ಇದೆ. ತವರಿನ ತೋಟದ ಬಗ್ಗೆ ಕೇಳಿ. ಜಗಲಿಯಿಂದ ತೋಟಕ್ಕೆ ಎಷ್ಟು ಮೆಟ್ಟಿಲು ಇಳಿಯಬೇಕಿತ್ತು? ಹಳ್ಳ ದಾಟಲು ಸಂಕ, ಅಂದರೆ ಕಾಲುಸೇತುವೆ, ಇತ್ತೇ? ಮಳೆಗಾಲದಲ್ಲಿ ಬರಿಗಾಲಿಗೆ ಮಣ್ಣು ಹೇಗೆ ತಾಗುತ್ತಿತ್ತು? ಏಲಕ್ಕಿಯ ವಾಸನೆಯೋ, ಕೊಟ್ಟಿಗೆಯ ಗೊಬ್ಬರದ್ದೋ? ಕಣ್ಣಿಗಿಂತ ಮೂಗು, ಅಂಗಾಲು ಬೇಗ ಕರೆದುಕೊಂಡು ಹೋಗುತ್ತವೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಂಡು, ಹತ್ತು ಹನ್ನೆರಡು ನಿಮಿಷದಷ್ಟು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ನಿಮ್ಮ ನಾದಿನಿಗೆ ತಾಯಿಯ ಬಗ್ಗೆ ಕಾಳಜಿ ಇದೆ, ಧ್ವನಿ ಅವಳದೇ ಇರಲಿ. ಮೊದಲ ಎರಡು ನಿಮಿಷ ಉಸಿರಾಟ, ಆಮೇಲೆ ಮೆಟ್ಟಿಲಿಳಿದು ತೋಟಕ್ಕೆ. ಸಂಕದ ಹತ್ತಿರ ಬಂದಾಗ ‘ಈಗ ಬಲಗಾಲು ಮಡಿಸಿ, ಎತ್ತಿ ಇಡ್ತಾ ಇದೀರಿ, ಮಂಡಿ ಹಗೂರಾಗಿದೆ’ ಅನ್ನುವ ಮಾತು ಸೇರಿಸಿ. ಮಾತಿನ ಮಧ್ಯೆ ಸುಮ್ಮನಿರುವ ಜಾಗವೂ ಬೇಕು. ವಯಸ್ಸಾದವರಿಗೆ ಚಿತ್ರ ಮೂಡಲು ಹೊತ್ತು ಹಿಡಿಯುತ್ತದೆ.

ದಿನಕ್ಕೆರಡು ಸಲ ಸಾಕು. ನೋವಿನ ಮಾತ್ರೆ ಕೊಟ್ಟು ಅರ್ಧ ಮುಕ್ಕಾಲು ಗಂಟೆಯಾದ ಮೇಲೆ ಕೇಳಿಸಿ, ಅದಾದ ಕೂಡಲೇ ವ್ಯಾಯಾಮ. ಫಿಸಿಯೋಥೆರಪಿಯವರಿಗೂ ಹೇಳಿ, ಅವರು ಬರುವುದಕ್ಕೆ ಕಾಲು ಗಂಟೆ ಮೊದಲು ಶುರು ಮಾಡಿದರೆ ಗೇಟಿನ ಸದ್ದು ಬೇರೆ ಥರ ಕೇಳೀತು. ಕಿವಿ ಮಂದವಿದ್ದರೆ ಯಂತ್ರ ಹಾಕಿಸಿ, ಫೋನಿನ ಸದ್ದು ಜೋರು ಮಾಡುವುದಕ್ಕಿಂತ ಅದು ಮೇಲು. ಮಲಗಿಯೋ ಒರಗಿ ಕೂತೋ ಮಾಡಲಿ, ಮಂಡಿಯ ಕೆಳಗೆ ದಿಂಬು ಇಡಬೇಡಿ. ಹಾಗೇ ಮಡಚಿಕೊಂಡಿದ್ದರೆ ಮಂಡಿ ಪೂರ್ತಿ ನೆಟ್ಟಗಾಗುವುದಿಲ್ಲ. ಮುಗಿದ ತಕ್ಷಣ ಎಬ್ಬಿಸಿ ನಿಲ್ಲಿಸಬೇಡಿ, ತಲೆ ತಿರುಗಿ ಬಿದ್ದರೆ ಕಷ್ಟ. ಅತ್ತೆ ದಿನ, ಜಾಗ ಮರೆತು ಅಸಂಬದ್ಧ ಮಾತಾಡುತ್ತಿದ್ದರೆ ಇದನ್ನೆಲ್ಲ ಬದಿಗಿಟ್ಟು ವೈದ್ಯರಿಗೆ ತಿಳಿಸಿ. ಮೀನಖಂಡ ಊದಿ ನೋಯುವುದು, ಜ್ವರ, ಗಾಯದಿಂದ ಸೋರುವುದು ಕಂಡರೆ ಅವತ್ತೇ ತೋರಿಸಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ.

ಕುರ್ಚಿಯಿಂದ ಸಲೀಸಾಗಿ ಏಳಲು, ಮೆಟ್ಟಿಲು ಇಳಿಯಲು ಸುಮಾರು 90 ಡಿಗ್ರಿ ಬೇಕು. 18 ದಿನಕ್ಕೆ 65 ಕಡಿಮೆಯೇ. ಮುಂದಿನ ಭೇಟಿಯವರೆಗೆ ಕಾಯದೆ ಈ ವಾರವೇ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ಈ ಅಂಕಿ ಹೇಳಿ. ಹತ್ತು ದಿನ ಬಿಟ್ಟು ಮತ್ತೆ ಅಳೆಸಿ ನನಗೂ ಬರೆಯಿರಿ. ಆ ಸಂಕ ಅಡಿಕೆ ದಬ್ಬೆಯದೋ, ಕಲ್ಲಿನದೋ ಅದನ್ನೂ ತಿಳಿಸಿ.