ಸರ್ಕಾರಿ ಕಂಪ್ಯೂಟರಿಗೆ ಹೊರಗಿನ ತಂತ್ರಾಂಶ ಹಾಕಬಹುದೇ?

ಮೈಸೂರಿನ ಕೇಂದ್ರ ಸರ್ಕಾರಿ ಕಚೇರಿಯೊಂದರ ಕಂಪ್ಯೂಟರಿಗೆ ಪಿಡಿಎಫ್ ಜೋಡಿಸುವ ಉಚಿತ ತಂತ್ರಾಂಶವನ್ನು ಸಿಬ್ಬಂದಿಯೇ ಹಾಕಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಹಾಕಿಕೊಳ್ಳುವಂತಿಲ್ಲ. ಸರ್ಕಾರಿ ನೌಕರರಿಗಾಗಿ 2022ರಲ್ಲಿ ಹೊರಬಂದ ಸೈಬರ್ ಸುರಕ್ಷತಾ ಮಾರ್ಗಸೂಚಿಯ ಪ್ರಕಾರ ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಬಳಕೆದಾರರ ಖಾತೆಯನ್ನೇ ಬಳಸಬೇಕು. ಮುಖ್ಯ ಮಾಹಿತಿ ಸುರಕ್ಷತಾ ಅಧಿಕಾರಿಯ ಒಪ್ಪಿಗೆಯಿಲ್ಲದೆ ತಂತ್ರಾಂಶ ಹಾಕಲು ಸಾಮಾನ್ಯವಾಗಿ ಬೇಕಾಗುವ ಅಡ್ಮಿನ್ ಅಧಿಕಾರ ಸಿಗುವುದಿಲ್ಲ. ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿಯಿಲ್ಲದೆ ಬಳಸುವಂತೆ ತಿದ್ದಿದ ತಂತ್ರಾಂಶಕ್ಕೂ, ದೂರದಿಂದಲೇ ಕಂಪ್ಯೂಟರನ್ನು ನಿಯಂತ್ರಿಸುವ, ಅನುಮತಿಯಿಲ್ಲದ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥವುಗಳಿಗೂ ಅದರಲ್ಲಿ ನಿಷೇಧವಿದೆ. ಪ್ರಿಂಟರ್ ರಿಪೇರಿಗೆ ಬಂದವರು ಎನಿಡೆಸ್ಕ್ ಹಾಕಿ, ಮುಂದಿನ ಸಲ ಫೋನ್ ಮಾಡಿದರೆ ಕುಳಿತಲ್ಲಿಂದಲೇ ಸರಿಪಡಿಸುವುದಾಗಿ ಹೇಳಿ ಹೋದರೆ, ಜನರ ಆಧಾರ್, ಪಿಂಚಣಿ ವಿವರಗಳಿರುವ ಪರದೆಯನ್ನೇ ಹೊರಗಿನವರ ಕೈಗೆ ಕೊಟ್ಟಂತಾಗುತ್ತದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ. ಬೇಕಾದ ತಂತ್ರಾಂಶದ ಹೆಸರು, ಆವೃತ್ತಿ ಮತ್ತು ಅದು ಯಾವ ಕೆಲಸಕ್ಕೆ ಬೇಕೆಂಬುದನ್ನು ಬರೆದು, ಮೇಲಧಿಕಾರಿಯ ಮೂಲಕ ಐಟಿ ವಿಭಾಗಕ್ಕೆ ಕಳುಹಿಸಿ.